ಬಿಳಿ ಸೆರಗು: ಸಹಜಕ್ಕೂ ರೋಗಕ್ಕೂ ಒಂದೇ ಪದವೇ?

ಬಳಗದ ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಹೆಂಗಸರಿಗೆ ಓದಿ ಹೇಳಬಹುದಾದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಬಿಳಿ ಸೆರಗು’ ಎಂಬ ಪದದ ಬಳಿ ಬಂದು ಕೆಲಸ ನಿಂತಿದೆ.

ಮೈನೆರೆದ ಹೆಣ್ಣಿನ ಯೋನಿಯಿಂದ ತುಸು ದ್ರವ ಒಸರುವುದು ಸಹಜ. ಅದು ತಿಳಿಯಾಗಿಯೋ ಹಾಲುಬಿಳುಪಾಗಿಯೋ ಇದ್ದು, ಅಂಡಾಣು ಬಿಡುಗಡೆಯಾಗುವ ದಿನಗಳಲ್ಲಿ ಮೊಟ್ಟೆಯ ಲೋಳೆಯಂತೆ ಎಳೆಯೆಳೆಯಾಗುತ್ತದೆ, ಬಸುರಿನಲ್ಲಿ ಹೆಚ್ಚುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಸೂಕ್ಷ್ಮಜೀವಿಗಳು ಅಲ್ಲಿ ಹುಳಿಯಂಶವನ್ನು, ಅಂದರೆ 3.8ರಿಂದ 4.5ರಷ್ಟು ಪಿಎಚ್ ಅನ್ನು, ಕಾಯ್ದುಕೊಳ್ಳುವುದರಿಂದ ಸೋಂಕು ಸುಲಭವಾಗಿ ತಳವೂರುವುದಿಲ್ಲ. ಇದಕ್ಕೂ ನಮ್ಮಲ್ಲಿ ಬಿಳಿ ಸೆರಗೆಂದೇ ಹೆಸರು. ತುರಿಕೆಯೊಡನೆ ಒಡೆದ ಮೊಸರಿನಂತೆ ಬರುವ ಶಿಲೀಂಧ್ರದ ಸೋಂಕಿಗೂ, ಮೀನಿನ ನಾತದ ಬೂದುಬಣ್ಣದ ಸ್ರಾವಕ್ಕೂ ಅದೇ ಹೆಸರು. ಹೀಗಾಗಿ ಆರೋಗ್ಯವಾಗಿರುವ ಹುಡುಗಿ ಮೈಯ ಸತ್ವವೆಲ್ಲ ಹರಿದುಹೋಗುತ್ತಿದೆಯೆಂದು ಕೊರಗುತ್ತಾಳೆ, ಚಿಕಿತ್ಸೆ ಬೇಕಾದವಳು ಎಲ್ಲರಿಗೂ ಆಗುವುದೇ ಎಂದು ಸುಮ್ಮನಿರುತ್ತಾಳೆ.

ಬಣ್ಣದ ತೊಡಕು ಇನ್ನೂ ದೊಡ್ಡದು. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ‘ಬಿಳೇದು ಹೊಕ್ಕೈತೇನವಾ?’ ಎಂದು ಕೇಳಿದಾಗ ಒಬ್ಬ ತಾಯಿ ಇಲ್ಲವೆಂದು ತಲೆಯಾಡಿಸಿದರು. ಎಲ್ಲರೂ ಎದ್ದುಹೋದ ಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ‘ಬಿಳೇದಲ್ರಿ ಅಕ್ಕಾರ, ಹಳದಿ ಐತಿ, ನಾತ ಹೊಡಿತೈತಿ’ ಎಂದರು. ನಾನು ಕೇಳಿದ ಪದವೇ ಅವರ ಬಾಯಿ ಕಟ್ಟಿಹಾಕಿತ್ತು. ಹಳದಿ ಅಥವಾ ಹಸಿರು ಬಣ್ಣ, ನೊರೆ, ದುರ್ವಾಸನೆ, ಉರಿ ಇವೆಲ್ಲ ತಪಾಸಣೆ ಬೇಕೆನ್ನುವ ಗುರುತುಗಳು. ಮುಟ್ಟು ನಿಂತವರಲ್ಲಿ ರಕ್ತ ಬೆರೆತು ಬಂದರಂತೂ ಗರ್ಭಕೊರಳಿನ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ಬೇರೆ ಪದಗಳನ್ನೂ ತೂಗಿ ನೋಡಿದ್ದೇನೆ. ‘ಸ್ರಾವ’ ಎಂದೊಡನೆ ರಕ್ತಸ್ರಾವ, ಗರ್ಭಸ್ರಾವಗಳು ನೆನಪಾಗಿ ಕೇಳುವವರು ಗಾಬರಿಯಾಗುತ್ತಾರೆ. ‘ನೀರು ಹೋಗುವುದು’ ಎಂದರೆ ಬಸುರಿಯ ನೀರಿನ ಚೀಲ ಒಡೆದ ಅರ್ಥ ಬಂದುಬಿಡುತ್ತದೆ. ಆಯುರ್ವೇದದ ‘ಶ್ವೇತಪ್ರದರ’ ರೋಗದ ಹೆಸರು, ಸಹಜವಾದದ್ದಕ್ಕೆ ಸಲ್ಲದು.

ಸಹಜವಾದದ್ದನ್ನು ‘ಪಸೆ’ ಎನ್ನಬಹುದೇ ಎಂಬುದು ನನ್ನ ಪ್ರಶ್ನೆ. ‘ಬಾಯಿಯ ಪಸೆ ಆರಿತು’ ಎನ್ನುವಾಗ ಪಸೆ ಇರಬೇಕಾದದ್ದು, ಆರಿದರೇ ತೊಂದರೆ ಎಂಬ ಭಾವವಿದೆ. ನನಗೆ ಬೇಕಾದದ್ದೂ ಅದೇ. ರೋಗದ್ದಕ್ಕೆ ‘ಕೆಟ್ಟ ಸೆರಗು’ ಎಂದು ಕೆಲವರು ಸೂಚಿಸಿದರು, ಆದರೆ ಆ ‘ಕೆಟ್ಟ’ ಹೆಣ್ಣಿನ ನಡತೆಗೆ ಅಂಟಿಕೊಳ್ಳುತ್ತದೆಂಬ ಭಯದಿಂದ ನಾನು ಒಪ್ಪಲಿಲ್ಲ. ಬಳ್ಳಾರಿ, ರಾಯಚೂರು ಕಡೆಯ ಹಿರಿಯ ಹೆಂಗಸರು ಈ ಎರಡನ್ನು ಬೇರೆಬೇರೆ ಹೆಸರಿನಿಂದ ಕರೆಯುವುದನ್ನು ಕೇಳಿದವರಿದ್ದರೆ, ಅವರಾಡುವ ಮಾತನ್ನು ಹಾಗೆಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ.