ಪೆರ್ಲದಿಂದ ಪುತ್ತೂರಿಗೆ ಅಡಿಕೆ ಸಾಗಿಸಲು ಯಾವ ಗಾಡಿ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮ ತೋಟ ಪೆರ್ಲದ ಹತ್ತಿರ. ವಾರಕ್ಕೊಮ್ಮೆ ಅಡಿಕೆ, ತೆಂಗಿನಕಾಯಿ ಹಾಕಿಕೊಂಡು ಅಡ್ಕಸ್ಥಳದಲ್ಲಿ ಕೇರಳದ ಗಡಿ ದಾಟಿ ಕರ್ನಾಟಕದ ವಿಟ್ಲ, ಪುತ್ತೂರಿಗೆ ಹೋಗಬೇಕು. ಬರುವಾಗ ಗೊಬ್ಬರ, ಸಿಮೆಂಟ್. ಮನೆ ಕೆಲಸಕ್ಕೆ ಕೆಂಪು ಕಲ್ಲೂ ತರಬೇಕು. ಹಳೆಯ ಟಾಟಾ ಏಸ್ (ಸಣ್ಣ ಗೂಡ್ಸ್ ಗಾಡಿ) ಒಂದು, 1.7 ಟನ್ನಿನ ಪಿಕಪ್ ಒಂದು ನೋಡಿದ್ದೇನೆ. ಯಾವುದು ತೆಗೆದುಕೊಳ್ಳಲಿ?

ಬದಿಯಡ್ಕದಿಂದ: ಅಣ್ಣ, ರೇಟು ಮಾತಾಡುವ ಮೊದಲು ಆರ್‌ಸಿಯಲ್ಲಿ ಒಟ್ಟು ತೂಕ, ಅಂದರೆ ಜಿವಿಡಬ್ಲ್ಯು ಎಷ್ಟು ಅಂತ ನೋಡಿ. ನಮ್ಮಂಥ ಗಡಿಯವರಿಗೆ ಅದೇ ಮುಖ್ಯ. ಗಾಡಿ ಮತ್ತು ಲೋಡು ಸೇರಿ 3000 ಕೆಜಿ ಒಳಗಿದ್ದರೆ ಪರ್ಮಿಟ್ಟೇ ಬೇಡ. ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ನಿನಲ್ಲೇ ಇದೆ. ಇನ್ಶೂರೆನ್ಸ್, ಫಿಟ್‌ನೆಸ್, ಟ್ಯಾಕ್ಸ್ ಮಾತ್ರ ಸರಿ ಇರಬೇಕು. 1.7 ಟನ್ ಹೊರುವ ಪಿಕಪ್ 3000 ದಾಟಿಯೇ ದಾಟುತ್ತದೆ. ಆಗ ಅಪರೂಪಕ್ಕೆ ಹೋಗುವವರು ತಾತ್ಕಾಲಿಕ ಪರ್ಮಿಟ್ ಮಾಡಿಸಬಹುದು. ನಿಮ್ಮಂತೆ ವಾರ ವಾರ ಹೋಗುವವರಿಗೆ ಬೇರೆ ರಾಜ್ಯಕ್ಕೂ ನಡೆಯುವ ನ್ಯಾಷನಲ್ ಪರ್ಮಿಟ್ಟೇ ಸರಿ. ವರ್ಷಕ್ಕೆ 16,500, ಅದರ ಮೇಲೆ 1,000 ರೂಪಾಯಿ. ತಿಂಗಳಿಗೆ ಸುಮಾರು 1,450 ಬಿತ್ತು. ಗಾಡಿಗೆ 12 ವರ್ಷ ದಾಟಿದರೆ ಆ ಪರ್ಮಿಟ್ಟೂ ಸಿಗುವುದಿಲ್ಲ. ನಾನು ಇದನ್ನೆಲ್ಲ ಗಾಡಿ ತಂದ ಮೇಲೆ ಕಲಿತೆ.

ಹೊರುವ ತೂಕ ಎಷ್ಟು ಅಂತ ಮಾರುವವರ ಬಾಯಿಂದ ಕೇಳಬೇಡಿ. ಖಾಲಿ ಗಾಡಿಯನ್ನೇ ವೇ ಬ್ರಿಡ್ಜಿಗೆ (ಗಾಡಿ ತೂಗುವ ಕಾಟಾಕ್ಕೆ) ಹತ್ತಿಸಿ. ನನ್ನ ಗಾಡಿಗೆ ಹಿಂದಿನವರು ಕಬ್ಬಿಣದ ಕಟಾಂಜನ ಕಟ್ಟಿಸಿದ್ದರು. ಆರ್‌ಸಿಯಲ್ಲಿದ್ದ ಖಾಲಿ ತೂಕಕ್ಕಿಂತ 110 ಕೆಜಿ ಜಾಸ್ತಿ ಬಂತು. ಅಷ್ಟು ಅಡಿಕೆಯನ್ನು ಪ್ರತಿ ಸಲ ಮನೆಯಲ್ಲೇ ಬಿಟ್ಟು ಹೋದ ಹಾಗೆ, ಅಲ್ವಾ?

ಮುಳ್ಳೇರಿಯದಿಂದ: ಕೆಂಪು ಕಲ್ಲಿನ ಬಗ್ಗೆ ಹೇಳುತ್ತೇನೆ ಮಾರಾಯ್ರೇ. ನಮ್ಮದು ಏಸ್. 750 ಕೆಜಿ ಹೊರುತ್ತದೆ. ನಮ್ಮಲ್ಲಿಯ ಒಂದು ಕಲ್ಲು 30 ಕೆಜಿ ತೂಗಿತು. ಅಂದರೆ 25 ಕಲ್ಲಿಗೇ ಮುಗಿಯಿತು, ಒಂದು ವರಸೆ ಕೂಡ ತುಂಬುವುದಿಲ್ಲ. ಜಾಗ ಇದೆಯಲ್ಲ ಅಂತ ನಾವು 50 ಹಾಕಿದೆವು. ಇಳಿಜಾರಿನ ತಿರುವಿನಲ್ಲಿ ಹಿಂದಿನ ಸ್ಪ್ರಿಂಗ್ ಪ್ಲೇಟ್ ಕಟ್ಟಾಯಿತು. ನನ್ನ ತಮ್ಮ ಆ ಕಲ್ಲಿನ ಮೇಲೆ ಕೂತಿದ್ದ. ದೇವರ ದಯೆ, ಅವನಿಗೆ ಏನೂ ಆಗಲಿಲ್ಲ. ಈಗಲೂ ಅಲ್ಲಿ ಹೋಗುವಾಗ ಎದೆ ಡಬಡಬ ಅನ್ನುತ್ತದೆ. ಸಿಪ್ಪೆ ಬಿಡಿಸದ ಅಡಿಕೆಯಾದರೆ ತೂಕಕ್ಕಿಂತ ಮೊದಲು ಜಾಗವೇ ಮುಗಿಯುತ್ತದೆ. ಕಲ್ಲು, ಹೊಯ್ಗೆ, ಸಿಮೆಂಟ್ ಹಾಗಲ್ಲ. ಸಿಮೆಂಟ್ 20 ಚೀಲಕ್ಕೇ ಒಂದು ಟನ್. ಕಲ್ಲನ್ನು ಬಾಡಿಗೆ ಲಾರಿಯಲ್ಲೇ ತರಿಸಿ. ಓವರ್‌ಲೋಡಿಗೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000.

ಉಪ್ಪಳದಿಂದ: ಕರ್ನಾಟಕದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಕೇಳಿ. 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವುದಾದರೆ ಕೇರಳದ ನಂಬರ್ ಮಾಡಿಸಲೇಬೇಕು. ಲೈಸೆನ್ಸಿಗೆ ಹೆದರಬೇಡಿ. ಒಟ್ಟು ತೂಕ 7500 ಕೆಜಿ ಒಳಗಿನ ಗೂಡ್ಸ್ ಓಡಿಸಲು ಕಾರಿನ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಉಪಕಾರ. ಪಿಕಪ್ಪಿನ ಆರ್‌ಸಿ ತರಿಸಿ ನೋಡಿದೆ. 3000 ದಾಟಿದೆ, ಗಾಡಿಗೆ 11 ವರ್ಷವೂ ಆಗಿದೆ. ಅದನ್ನು ಬಿಟ್ಟೆ. 1.3 ಟನ್ನಿನದ್ದು, ಒಟ್ಟು ತೂಕ 3000 ಒಳಗಿನದ್ದು ಕುಂಬಳೆ, ನೀರ್ಚಾಲು ಕಡೆ ಯಾರದ್ದಾದರೂ ಇದ್ದರೆ ತಿಳಿಸಿ.