ರಸ್ತೆಯವರೆಲ್ಲ ಸೇರಿ ಇಸ್ಪೀಟು, ಕೇರಂ, ಚೌಕಾಬಾರ ಲೀಗ್: ಸೋತವರೂ ಕೊನೆತನಕ ಬರುವಂತೆ ಮಾಡೋದು ಹೇಗೆ?

ಕುವೆಂಪುನಗರದ ಚೌಕ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮ ರಸ್ತೆಯವರು ಸೇರಿ ಭಾನುವಾರ ಸಂಜೆ ಆಡೋಣ ಅಂತ ಮಾತಾಡಿಕೊಂಡಿದ್ದೇವೆ. ಜಾಗ ಇದೆ, ಒಬ್ಬರ ಮನೆಯ ಮಹಡಿ ಹಾಲ್. ಇಪ್ಪತ್ತೆಂಟು ಅನ್ನೋ ಜೋಡಿ ಇಸ್ಪೀಟಾಟಕ್ಕೆ 8 ಜನ ಹೆಸರು ಕೊಟ್ಟಿದ್ದಾರೆ, ಕೇರಂಗೆ 6 ಜನ. ಚೌಕಾಬಾರಕ್ಕೆ ಮನೆಯ ಹೆಂಗಸರು, ಮಕ್ಕಳು, ಅಜ್ಜಿಯರು ಎಲ್ಲರೂ ಇದ್ದಾರೆ.

ಹಿಂದೊಮ್ಮೆ ಬಡಾವಣೆಯವರು ಇಂಥದ್ದೇ ಪಂದ್ಯ ಇಟ್ಟಿದ್ದರು. ಸೋತರೆ ಹೊರಗೆ ಅನ್ನೋ ಲೆಕ್ಕ. ಮೊದಲ ದಿನವೇ ಅರ್ಧ ಜನ ಮನೆಗೆ ಹೋದರು. ಫೈನಲ್ ನೋಡೋಕೆ ಆಡುವವರ ಮನೆಯವರು ಬಿಟ್ಟರೆ ಯಾರೂ ಇರಲಿಲ್ಲ. ಈ ಸಲ ಹಾಗಾಗಬಾರದು. ನನಗೆ ಯಾರು ಗೆಲ್ಲುತ್ತಾರೆ ಅನ್ನೋದಕ್ಕಿಂತ ಎಲ್ಲರೂ ಕೊನೆಯ ವಾರದ ತನಕ ಬರೋದು ಮುಖ್ಯ.

ನನ್ನ ಗೊಂದಲ ಇಷ್ಟು. ಇಪ್ಪತ್ತೆಂಟಿಗೆ ಜೋಡಿಗಳನ್ನು ಹೇಗೆ ಮಾಡೋದು? ಗಂಡ ಹೆಂಡತಿ ಒಂದೇ ಜೋಡಿಯಾದರೆ ಜಗಳ, ಬೇರೆ ಮಾಡಿದರೂ ಜಗಳ. ಚೌಕಾಬಾರದಲ್ಲಿ ಒಬ್ಬೊಬ್ಬರ ಮನೆಯದ್ದು ಒಂದೊಂದು ನಿಯಮ. ಇಸ್ಪೀಟು ಅಂದ ಕೂಡಲೇ ದುಡ್ಡಿನ ಮಾತು ಬೇರೆ ಬರುತ್ತೆ. ನಡೆಸಿ ಗೊತ್ತಿರುವವರು ಹೇಳಿ.

ಸಾಗರದ ಸೀಮೆಯವಳು

ನಿಮ್ಮ ಕೊನೆಯ ಮಾತು ಓದಿ ಖುಷಿಯಾಯಿತು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ನಮ್ಮೂರಲ್ಲಿ ನಾಟಿ ಮುಗಿದ ಮೇಲೆ ಗಣೇಶನ ಹಬ್ಬದ ತನಕ ಲೀಗ್ ನಡೆಯುತ್ತದೆ. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿರುತ್ತದೆ. ನಾನು ಕಂಡದ್ದು ಇಷ್ಟೇ: ಪಟ್ಟಿಯ ಮೇಲಿರುವವರು ಹೇಗಾದರೂ ಬರುತ್ತಾರೆ. ಲೀಗ್ ಉಳಿಯೋದು ಕೆಳಗಿನ ಮೂರು ಜನ ಮುಂದಿನ ವಾರವೂ ಬಂದರೆ. ಯಾವ ನಿಯಮ ಮಾಡುವಾಗಲೂ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿ.

ಮೊದಲು ಇಪ್ಪತ್ತೆಂಟು. ಕಾಯಂ ಜೋಡಿ ಮಾಡಲೇಬೇಡಿ. 8 ಜನ ಇದ್ದೀರಿ, ಇದಕ್ಕಿಂತ ಒಳ್ಳೆಯ ಸಂಖ್ಯೆ ಇಲ್ಲ. ಏಳು ವಾರದಲ್ಲಿ ಪ್ರತಿಯೊಬ್ಬರೂ ಉಳಿದ ಏಳು ಜನರ ಜೊತೆ ಒಂದೊಂದು ಸಲ ಜೋಡಿಯಾಗಬಹುದು, ಪ್ರತಿಯೊಬ್ಬರ ಎದುರೂ ಸರಿಯಾಗಿ ಎರಡೆರಡು ಸಲ ಕೂರಬಹುದು. ಚೀಟಿ ಎತ್ತಿ 1ರಿಂದ 8ರ ತನಕ ನಂಬರ್ ಕೊಡಿ. ಮೊದಲ ವಾರ ಒಂದು ಮೇಜಲ್ಲಿ 8 ಮತ್ತು 7 ಜೋಡಿ, ಎದುರು 4 ಮತ್ತು 5. ಇನ್ನೊಂದು ಮೇಜಲ್ಲಿ 1 ಮತ್ತು 3, ಎದುರು 2 ಮತ್ತು 6. ಮುಂದಿನ ವಾರ ಎಲ್ಲ ನಂಬರಿಗೂ ಒಂದು ಕೂಡಿಸಿ. 7 ಇದ್ದದ್ದು 1 ಆಗುತ್ತದೆ, 8 ಮಾತ್ರ ಹಾಗೇ ಇರಲಿ. ಆಗ ಎರಡನೇ ವಾರ 8 ಮತ್ತು 1, ಎದುರು 5 ಮತ್ತು 6. ಇನ್ನೊಂದು ಮೇಜು 2 ಮತ್ತು 4, ಎದುರು 3 ಮತ್ತು 7. ಹೀಗೇ ಏಳು ವಾರ. ಪಾಯಿಂಟು ಜೋಡಿಗಲ್ಲ, ಆಳಿಗೆ ಬರೆಯಿರಿ. ಗಂಡ ಹೆಂಡತಿ ಒಂದು ವಾರ ಜೊತೆ, ಎರಡು ವಾರ ಎದುರು. ಯಾರೂ ಯಾರನ್ನೂ ದೂರುವ ಹಾಗಿಲ್ಲ.

ಒಂದು ಮೇಜಿಗೆ 12 ಸಲ ಹಂಚಿ. ಒಬ್ಬೊಬ್ಬರಿಗೆ ಮೂರು ಸಲ ಹಂಚುವ ಸರದಿ ಬರುತ್ತದೆ, ಮೊದಲು ಕೂಗುವ, ಅಂದರೆ ಇಷ್ಟು ಪಾಯಿಂಟ್ ಮಾಡುತ್ತೇವೆ ಅಂತ ಹೇಳುವ ಅವಕಾಶವೂ ಸಮ ಆಗುತ್ತದೆ.

ಆಡುವ ಮೊದಲೇ ಬರೆದಿಟ್ಟುಕೊಳ್ಳಬೇಕಾದ ಸಂಗತಿ ಕೆಲವಿವೆ. ಗುಲಾಮ 3, ಒಂಬತ್ತು 2, ಎಕ್ಕ 1, ಹತ್ತು 1, ಇದರಲ್ಲಿ ತಕರಾರಿಲ್ಲ. ತಕರಾರು ಬರೋದು ಬೇರೆ ಕಡೆ. ಕೂಗು 14ರಿಂದಲೋ 16ರಿಂದಲೋ? ತುರುಪಿನ ರಾಜ ರಾಣಿ ಒಂದೇ ಕೈಯಲ್ಲಿದ್ದರೆ 4 ಪಾಯಿಂಟಿನ ರಿಯಾಯಿತಿ ಉಂಟೋ ಇಲ್ಲವೋ? ಮೊದಲ ನಾಲ್ಕು ಎಲೆಯಲ್ಲಿ ಒಂದೂ ಪಾಯಿಂಟ್ ಇಲ್ಲದಿದ್ದರೆ ಮತ್ತೆ ಹಂಚಬೇಕೋ? ನಮ್ಮಲ್ಲಿ ರಾಜ ರಾಣಿ ಲೆಕ್ಕ ಇಟ್ಟುಕೊಂಡಿಲ್ಲ, ಹೊಸಬರಿಗೆ ತಲೆ ತಿರುಗುತ್ತದೆ ಅಂತ. ನಿಮಗೆ ಬೇಕಾದರೆ ಇಟ್ಟುಕೊಳ್ಳಿ, ಆದರೆ ಮೊದಲೇ ಬರೆದು ಗೋಡೆಗೆ ಅಂಟಿಸಿ.

ಚೌಕಾಬಾರಕ್ಕೂ ಇದೇ ಮದ್ದು. ಮಣೆ ಐದು ಮನೆಯದ್ದೋ ಏಳು ಮನೆಯದ್ದೋ? ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗಬಹುದೋ? ಚೌಕ (ನಾಲ್ಕೂ ಕವಡೆ ಅಂಗಾತ), ಬಾರ (ನಾಲ್ಕೂ ಕವಚಿ) ಮೂರು ಸಲ ಒಂದೇ ಸಮನೆ ಬಿದ್ದರೆ ಗರ ಸುಟ್ಟಿತೋ, ಅಂದರೆ ಲೆಕ್ಕಕ್ಕಿಲ್ಲವೋ? ಜೋಡಿ ಕಾಯನ್ನು ಒಂಟಿ ಕಾಯಿ ಹೊಡೆಯಬಹುದೋ? ಇನ್ನೊಂದನ್ನು ಮರೆಯಬೇಡಿ: ಗೋಡೆಗೋ ಮಣೆಯಂಚಿಗೋ ಒರಗಿ ನಿಂತ ಕವಡೆ. ನಮ್ಮಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಕವಡೆ ಕೈಯಲ್ಲಿ ಕುಲುಕಿ ಬಾರ ಬೀಳಲಿ ಅಂತ ಕೇಳಿ ಬಿಡುತ್ತಾರೆ. ಮೂರು ಕವಚಿ ಬಿದ್ದು ನಾಲ್ಕನೆಯದು ಮಣೆಗೆ ಒರಗಿ ನಿಂತಿತು ಅಂದರೆ ಮಕ್ಕಳೆಲ್ಲ ನೆಲಕ್ಕೆ ಕೆನ್ನೆ ಇಟ್ಟು ನೋಡುತ್ತಾರೆ. ಅಜ್ಜಿ ಬಾರ ಅನ್ನುತ್ತಾರೆ, ಮಕ್ಕಳು ಒಂದು ಅನ್ನುತ್ತಾರೆ. ಈಗ ಒರಗಿದರೆ ನಾಲ್ಕನ್ನೂ ಎತ್ತಿ ಮತ್ತೆ ಬಿಡಬೇಕು ಅಂತ ಬರೆದಿದ್ದೇವೆ. ಅಜ್ಜಿಯೂ ಒಪ್ಪಿದ್ದಾರೆ.

ನಿಯಮ ಬರೆದಿಡಿ ಅಂದರೆ ಕೆಲವರು ಸುಮ್ನೆ ಆಟ ಅಲ್ವಾ, ಇದೆಲ್ಲ ಯಾಕೆ ಅನ್ನುತ್ತಾರೆ. ಅವರಿಗೆ ನಿಮ್ಮೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರು ಹೇಳಿ. ಮಣೆಯಾಟಗಳನ್ನು ಅಷ್ಟು ಶ್ರದ್ಧೆಯಿಂದ ಬರೆಸಿಟ್ಟ ದೊರೆ ಅವರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆಟದ ಮನೆಗಳ ಚಿತ್ರ ಇವತ್ತಿಗೂ ಇದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ಪಾಯಿಂಟ್ ಬಗ್ಗೆ: ಗೆದ್ದರೆ 3, ಬಂದು ಆಡಿ ಸೋತರೆ 1, ಹೇಳದೆ ತಪ್ಪಿಸಿದರೆ ಸೊನ್ನೆ. ಆ ಒಂದು ಪಾಯಿಂಟ್ ದೊಡ್ಡದು. ಸೋತು ಸೋತು ಬಂದವರೂ ತಪ್ಪಿಸಿಕೊಂಡವರಿಗಿಂತ ಮೇಲೆ ನಿಲ್ಲುತ್ತಾರೆ. ಹೇಳಿ ತಪ್ಪಿಸಿದವರಿಗೆ ಬೇರೆ ದಿನ ಕೊಡಿ. ನಮ್ಮಲ್ಲಿ ಮಳೆ ಹೊಳವಾದರೆ ಜನ ಅಡಿಕೆಗೆ ಕೊಳೆ ಔಷಧಿ ಹೊಡೆಸಲು ಹೋಗಲೇಬೇಕು. ಅದನ್ನು ಗೈರುಹಾಜರಿ ಅನ್ನೋಕೆ ಆಗುತ್ತದಾ?

ಕೆಂಪು ಕವರ್

ಮೇಲಿನ ಮೇಡಂ ಹೇಳಿದ್ದಕ್ಕೆ ಕೇರಂ ಸೇರಿಸುತ್ತೇನೆ. 6 ಜನ ಎಲ್ಲರೂ ಎಲ್ಲರ ಜೊತೆ ಆಡಿದರೆ 15 ಪಂದ್ಯ. ಒಂದೇ ಬೋರ್ಡಿದ್ದರೂ ಭಾನುವಾರಕ್ಕೆ 3, ಐದು ವಾರದಲ್ಲಿ ಮುಗಿಯುತ್ತೆ. ಅಧಿಕೃತ ನಿಯಮದಲ್ಲಿ ಒಂದು ಗೇಮ್ ಅಂದರೆ 25 ಪಾಯಿಂಟ್ ಅಥವಾ 8 ಬೋರ್ಡ್ (ಒಬ್ಬರ ಪಾನೆಲ್ಲ ಮುಗಿಯುವ ತನಕದ ಆಟ ಒಂದು ಬೋರ್ಡ್), ಮೂರರಲ್ಲಿ ಎರಡು ಗೇಮ್ ಗೆಲ್ಲಬೇಕು. ಮನೆಯ ಲೀಗಿಗೆ ಅದು ತುಂಬಾ ಉದ್ದ. 4 ಬೋರ್ಡ್ ಸಾಕು. ರೆಡ್ಡಿಗೆ, ಅಂದರೆ ಕೆಂಪು ಪಾನಿಗೆ 3 ಪಾಯಿಂಟ್, 5 ಅಲ್ಲ. ಅದರ ಬೆನ್ನಿಗೇ ನಮ್ಮದೊಂದು ಪಾನು ಹಾಕಿ ಕವರ್ ಮಾಡದಿದ್ದರೆ ರೆಡ್ ವಾಪಸ್.

ಬೋರ್ಡಿನ ನೆತ್ತಿಯ ಮೇಲೆ ಸರಿಯಾಗಿ ಬಲ್ಬ್ ಇಳಿಬಿಡಿ. ಪಕ್ಕದ ಟ್ಯೂಬ್‌ಲೈಟ್ ಆದರೆ ಒಂದು ಕಡೆ ಕೂತವರ ಪಾನಿಗೆಲ್ಲ ಅವರದ್ದೇ ಕೈ ನೆರಳು ಬೀಳುತ್ತೆ. ಕಣ್ಣು ಮಂಜಾದ ಹಿರಿಯರು ಸೋಲೋದು ಎಷ್ಟೋ ಸಲ ಇದರಿಂದಲೇ. ಬೋರಿಕ್ ಪೌಡರ್ ಚಿಟಿಕೆಯಷ್ಟು ಸಾಕು, ಮಳೆಗಾಲದಲ್ಲಿ ಡಬ್ಬ ತೆರೆದಿಡಬೇಡಿ, ಗಂಟು ಕಟ್ಟುತ್ತೆ.

ಬಿಳಿ ಕುದುರೆ

ಚೆಸ್ ಆಡುವವನ ಮಾತು. ಜನ ಜಾಸ್ತಿಯಾದರೆ ಸ್ವಿಸ್ ಪದ್ಧತಿ ನೋಡಿ. ಪ್ರತಿ ಸುತ್ತಲ್ಲೂ ಸಮ ಪಾಯಿಂಟ್ ಇರುವವರೇ ಎದುರುಬದುರು. ಯಾರೂ ಹೊರಗೆ ಹೋಗಲ್ಲ, ಎರಡು ಮೂರು ಸುತ್ತಾದ ಮೇಲೆ ಸೋಲುವವರಿಗೆ ತಮ್ಮ ಮಟ್ಟದವರೇ ಸಿಗುತ್ತಾರೆ. 16 ಜನಕ್ಕೆ 5 ಸುತ್ತು ಸಾಕು. ಎಲ್ಲರೂ ಎಲ್ಲರ ಜೊತೆ ಅಂದರೆ 15 ಸುತ್ತು ಬೇಕಾಗುತ್ತೆ.

ಸಾಗರದ ಸೀಮೆಯವಳು

ದೊಡ್ಡ ಪಂದ್ಯಕ್ಕೆ ಅದು ಸರಿ. ಆದರೆ ಒಂದೇ ರಸ್ತೆಯವರಿಗೆ ನಾನು ಒಪ್ಪಲ್ಲ. ಕೇರಂ ಕಲಿಯುತ್ತಿರುವ ಹುಡುಗನಿಗೆ ರಸ್ತೆಯ ಒಳ್ಳೆಯ ಆಟಗಾರನ ಎದುರು ಕೂರುವ ಒಂದು ಸಂಜೆ ಸಿಗಲೇಬೇಕು. ಸೋಲುತ್ತಾನೆ, ನಿಜ. ಆ ಆಟದಲ್ಲಿ ಕಂಡ ರೀಬೌಂಡ್ ಹೊಡೆತವನ್ನು ಇಡೀ ವಾರ ಅಭ್ಯಾಸ ಮಾಡುತ್ತಾನೆ. ಸಮನಾದವರ ಜೊತೆಗೇ ಆಡಿಸಿದರೆ ಅದು ತಪ್ಪಿಹೋಗುತ್ತದೆ.

ಕುವೆಂಪುನಗರದ ಚೌಕ

ಅಕ್ಕಾ, ಆ ನಂಬರ್ ಪಟ್ಟಿ ಏಳು ವಾರಕ್ಕೂ ಬರೆದು ನೋಡಿದೆ. ಸರಿಯಾಗಿ ಕೂರುತ್ತೆ! ದುಡ್ಡಿನ ವಿಷಯ ಉಳಿಯಿತು. ಇಬ್ಬರು ಆಟಕ್ಕೆ ಹತ್ತು ರೂಪಾಯಿ ಇಡೋಣ, ಇಲ್ಲಾಂದ್ರೆ ಗಮ್ಮತ್ತಿಲ್ಲ ಅಂತಿದ್ದಾರೆ.

ಸಾಗರದ ಸೀಮೆಯವಳು

ಬೇಡ. ಹತ್ತು ರೂಪಾಯಿಯೂ ಬೇಡ. ರಮ್ಮಿ ಮುಖ್ಯವಾಗಿ ಕೌಶಲ್ಯದ ಆಟ ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ, ಅದನ್ನು ಹಿಡಿದು ಯಾರಾದರೂ ವಾದಕ್ಕೆ ಬರಬಹುದು. ನೀವು ವಾದಕ್ಕೇ ಇಳಿಯಬೇಡಿ. ಪಣ ಇಟ್ಟ ದಿನ ಮಕ್ಕಳನ್ನು ಕಳಿಸೋದು ನಿಲ್ಲುತ್ತದೆ. ಕೈಯಲ್ಲಿ ಕಾಸಿಲ್ಲದವರು ನೆಪ ಹೇಳಿ ಮನೆಯಲ್ಲೇ ಉಳಿಯುತ್ತಾರೆ, ಕಾರಣ ನಿಮಗೆ ಹೇಳುವುದೂ ಇಲ್ಲ. ಎಲೆ, ಪೌಡರ್, ಚಹಾಕ್ಕೆ ಮನೆಗಿಷ್ಟು ಅಂತ ಎತ್ತಿ. ಖರ್ಚು ಬರೆದ ಹಾಳೆಯನ್ನು ನಿಯಮದ ಪಕ್ಕದಲ್ಲೇ ಅಂಟಿಸಿ. ಗೆದ್ದವರಿಗೆ ಮನೆಯಲ್ಲಿ ಮಾಡಿದ ತಿಂಡಿ ಕೊಡಿ, ಒಂದು ವಾರವೂ ತಪ್ಪಿಸದವರಿಗೂ ಅದನ್ನೇ ಕೊಡಿ.

ಕುವೆಂಪುನಗರದ ಚೌಕ

ಹಾಗೇ ಮಾಡ್ತೀವಿ. ಪಣ ಇಲ್ಲ ಅನ್ನೋದು ನಿಯಮದ ಹಾಳೆಯ ಮೊದಲ ಸಾಲು. ಈ ಭಾನುವಾರ ಚೀಟಿ ಎತ್ತುತ್ತೇವೆ. ಚೌಕಾಬಾರಕ್ಕೆ ಐದು ಮನೆಯ ಮಣೆ ಅಂತ ಅಜ್ಜಿಯರೆಲ್ಲ ಒಪ್ಪಿದ್ದಾರೆ. ಜೋಡಿ ಕಾಯಿ ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ, ಶನಿವಾರ ಕೂತು ಮಾತಾಡಬೇಕು.