ಕವಳ (ಎಲೆ-ಅಡಕೆ) ಹಾಕಿದಾಗ ಬಾಯಲ್ಲಿ ನೀರೂರೋದು ಸೈಕ್ಲಿಕ್ ಎಎಂಪಿಯಿಂದಲಾ, ಕ್ಯಾಲ್ಸಿಯಂನಿಂದಲಾ?

ತೀರ್ಥಹಳ್ಳಿ_ಬಿಎಸ್ಸಿ:
ಎಲ್ಲರಿಗೂ ನಮಸ್ಕಾರ. ಅಡ್ರಿನಲಿನ್ ಯಕೃತ್ತಿನ ಕೋಶದ ಒಳಗೆ ಹೋಗೋದೇ ಇಲ್ಲ, ಪೊರೆಯ ಮೇಲಿನ ಗ್ರಾಹಕಕ್ಕೆ ಅಂಟಿಕೊಂಡೇ ಒಳಗಿನ ಗ್ಲೈಕೊಜನ್ (ಕೂಡಿಟ್ಟ ಸಕ್ಕರೆ) ಒಡೆಸುತ್ತೆ ಅನ್ನೋವರೆಗೆ ಅರ್ಥವಾಗಿದೆ. ಆದರೆ ನಡುವೆ ಎರಡನೇ ಸಂದೇಶವಾಹಕ, ಅಂದರೆ ಸುದ್ದಿಯನ್ನು ಕೋಶದೊಳಗೆ ಒಯ್ಯುವ ಸೈಕ್ಲಿಕ್ ಎಎಂಪಿಯಂಥ ಸಣ್ಣ ಅಣು, ಯಾಕೆ ಬೇಕು? ಗ್ರಾಹಕವೇ ನೇರವಾಗಿ ಕಿಣ್ವವನ್ನು ಎಬ್ಬಿಸಬಹುದಿತ್ತಲ್ವಾ? ಇನ್ನೊಂದು ಪ್ರಶ್ನೆ. ಅಡಕೆಯಲ್ಲಿರುವ ಅರೆಕೊಲಿನ್ ಅನ್ನೋ ರಾಸಾಯನಿಕ ಕೂಡ ಜಿ-ಪ್ರೊಟೀನ್ ಗ್ರಾಹಕದ (ಪೊರೆಯ ಒಳಬದಿಯ ಜಿ-ಪ್ರೊಟೀನ್ ಮೂಲಕ ಸುದ್ದಿ ದಾಟಿಸುವ ಗ್ರಾಹಕ) ಮೇಲೇ ಕೂರುತ್ತೆ. ಹಾಗಾದರೆ ಕವಳ ಹಾಕಿದಾಗ ಲಾಲಾಗ್ರಂಥಿಯಲ್ಲೂ ಸೈಕ್ಲಿಕ್ ಎಎಂಪಿಯೇ ಏರಬೇಕಲ್ವಾ?

ಬಯೋಕೆಮ್_ಶಿವಮೊಗ್ಗ:
ಮೊದಲನೇ ಪ್ರಶ್ನೆಗೆ ಅರ್ಲ್ ಸದರ್ಲೆಂಡ್ ತಂಡ 1950ರ ದಶಕದಲ್ಲಿ ಮಾಡಿದ ಪ್ರಯೋಗ ನೋಡಿ. ಯಕೃತ್ತನ್ನು ಅರೆದ ರಸಕ್ಕೆ ಅಡ್ರಿನಲಿನ್ ಹಾಕಿದರೆ ಗ್ಲೈಕೊಜನ್ ಒಡೆಯುವ ಫಾಸ್ಫೊರಿಲೇಸ್ ಕಿಣ್ವ ಚುರುಕಾಗುತ್ತಿತ್ತು. ಅದೇ ರಸವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಪೊರೆಯ ಚೂರುಗಳಿರುವ ಗಸಿಯನ್ನು ಕೆಳಗೆ ಕೂರಿಸಿ, ಮೇಲಿನ ತಿಳಿಗೆ ಮಾತ್ರ ಅಡ್ರಿನಲಿನ್ ಹಾಕಿದಾಗ ಏನೂ ಆಗಲಿಲ್ಲ. ಆಮೇಲೆ ಗಸಿಗೆ ಬೇರೆಯಾಗಿ ಅಡ್ರಿನಲಿನ್ ಮತ್ತು ಎಟಿಪಿ (ಕೋಶದ ಶಕ್ತಿಯ ಅಣು) ಕೊಟ್ಟು, ಕಾಯಿಸಿ, ಬಂದ ದ್ರವವನ್ನು ತಿಳಿಗೆ ಬೆರೆಸಿದರು. ಕಿಣ್ವ ಎದ್ದಿತು! ಕಾಯಿಸಿದರೂ ಕೆಡಲಿಲ್ಲ ಅಂದಮೇಲೆ ಆ ವಸ್ತು ಕಿಣ್ವವಲ್ಲ, ಸಣ್ಣ ಅಣು. ಅದೇ ಸೈಕ್ಲಿಕ್ ಎಎಂಪಿ. ಸದರ್ಲೆಂಡ್‌ಗೆ 1971ರಲ್ಲಿ ನೊಬೆಲ್ ಬಂತು.

ಗ್ರಾಹಕ ಪೊರೆಯಲ್ಲಿ ಹೂತಿರುತ್ತೆ, ಗ್ಲೈಕೊಜನ್ ಕಣಗಳು ಕೋಶರಸದಲ್ಲಿ ಎಲ್ಲೆಲ್ಲೋ ಇರುತ್ತವೆ. ಅಲ್ಲಿಗೆ ಓಡುವ ಸಣ್ಣ ಅಣು ಬೇಕು. ಜೊತೆಗೆ, ಪೊರೆಯಲ್ಲಿರುವ ಅಡಿನೈಲಿಲ್ ಸೈಕ್ಲೇಸ್ ಕಿಣ್ವ ಒಂದು ಎದ್ದರೆ ಒಂದರ ಹಿಂದೊಂದು ಎಷ್ಟೋ ಎಟಿಪಿಗಳನ್ನು ಸೈಕ್ಲಿಕ್ ಎಎಂಪಿ ಮಾಡುತ್ತೆ, ಹಾಗಾಗಿ ಸಂಕೇತ ಅಲ್ಲೇ ಹಿಗ್ಗುತ್ತೆ. ಪರೀಕ್ಷೆಗೆ ಕ್ರಮ ಹೀಗೆ ಬರೆಯಿರಿ: ಗ್ರಾಹಕ ಜಿಎಸ್ ಪ್ರೊಟೀನಿನ (ಸೈಕ್ಲೇಸ್ ಎಬ್ಬಿಸುವ ಜಿ-ಪ್ರೊಟೀನ್) ಆಲ್ಫಾ ಭಾಗದಿಂದ ಜಿಡಿಪಿ ಅನ್ನೋ ಸಣ್ಣ ಅಣುವನ್ನು ಬಿಡಿಸುತ್ತೆ, ಆ ಜಾಗಕ್ಕೆ ಒಂದು ಫಾಸ್ಫೇಟ್ ಹೆಚ್ಚಿರುವ ಜಿಟಿಪಿ ಬರುತ್ತೆ, ಆಲ್ಫಾ ಹೋಗಿ ಸೈಕ್ಲೇಸ್ ಎಬ್ಬಿಸುತ್ತೆ. ನಾಲ್ಕು ಸೈಕ್ಲಿಕ್ ಎಎಂಪಿ ಕೂತಾಗ ಪ್ರೊಟೀನ್ ಕೈನೇಸ್ ಎ (ಫಾಸ್ಫೇಟ್ ಹಚ್ಚುವ ಕಿಣ್ವ) ತನ್ನ ಎರಡು ಕೆಲಸದ ತುಂಡುಗಳನ್ನು ಬಿಡುತ್ತೆ. ಅವು ಫಾಸ್ಫೊರಿಲೇಸ್ ಕೈನೇಸ್‌ಗೆ, ಅದು ಫಾಸ್ಫೊರಿಲೇಸ್‌ಗೆ ಫಾಸ್ಫೇಟ್ ಹಚ್ಚುತ್ತೆ. ಹೆಚ್ಚಿನವರು ಜಿ-ಪ್ರೊಟೀನನ್ನೇ ಗ್ರಾಹಕ ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ ಪ್ರೊಟೀನ್.

ಅಂದಹಾಗೆ ನೇರವಾಗಿ ಎಬ್ಬಿಸುವ ಗ್ರಾಹಕಗಳೂ ಇವೆ. ಇನ್ಸುಲಿನ್ ಗ್ರಾಹಕ ತಾನೇ ಕಿಣ್ವ.

ಅಡಕೆತೋಟ_ಫಾರ್ಮಕಾಲಜಿ:
ಎರಡನೇ ಪ್ರಶ್ನೆಗೆ ನಾನು. ಗ್ರಾಹಕದ ಜಾತಿ ಒಂದೇ ಆದರೂ ಒಳಗೆ ಕಾದಿರುವ ಜಿ-ಪ್ರೊಟೀನ್ ಬೇರೆ. ಅರೆಕೊಲಿನ್, ನರ ಬಿಡುವ ಅಸಿಟೈಲ್‌ಕೋಲಿನ್ ಜಾಗದಲ್ಲಿ, ಲಾಲಾಗ್ರಂಥಿಯ ಎಂ3 ಮಸ್ಕರಿನಿಕ್ ಗ್ರಾಹಕದ ಮೇಲೆ ಕೂರುತ್ತೆ. ಎಂ3 ಜೊತೆಗಾರ ಜಿಕ್ಯೂ ಅನ್ನೋ ಜಿ-ಪ್ರೊಟೀನ್. ಅದು ಎಬ್ಬಿಸೋದು ಸೈಕ್ಲೇಸನ್ನಲ್ಲ, ಫಾಸ್ಫೊಲೈಪೇಸ್ ಸಿ ಕಿಣ್ವವನ್ನು. ಈ ಕಿಣ್ವ ಪೊರೆಯ ಒಂದು ಕೊಬ್ಬನ್ನು ಎರಡು ಮಾಡುತ್ತೆ: ಡಯಾಸಿಲ್‌ಗ್ಲಿಸರಾಲ್ ಪೊರೆಯಲ್ಲೇ ಉಳಿಯುತ್ತೆ, ಐಪಿ3 ಕೋಶರಸಕ್ಕೆ ಇಳಿಯುತ್ತೆ. ಐಪಿ3 ತೆರೆಯುವ ಕ್ಯಾಲ್ಸಿಯಂ ಬಾಗಿಲು ಎಂಡೊಪ್ಲಾಸ್ಮಿಕ್ ಜಾಲಿಕೆಯ (ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣ) ಮೇಲಿದೆ, ಚಿತ್ರ ಬರೆಯುವಾಗ ಅದನ್ನು ಹೊರಪೊರೆಗೆ ಅಂಟಿಸಬೇಡಿ.

ಸುಮ್ಮನಿರುವ ಕೋಶರಸದಲ್ಲಿ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್, ಹೊರಗೆ 1ರಿಂದ 2 ಮಿಲಿಮೋಲಾರ್, ಅಂದರೆ ಹತ್ತು ಸಾವಿರ ಪಟ್ಟಿಗೂ ಮಿಕ್ಕಿ. ಒಳಗೆ ಇಷ್ಟು ಕಡಿಮೆ ಇಟ್ಟಿರುವುದರಿಂದಲೇ ಜಾಲಿಕೆಯಿಂದ ಸ್ವಲ್ಪ ಸೋರಿದರೂ ಕೋಶಕ್ಕೆ ಗೊತ್ತಾಗುತ್ತೆ. ಏರಿದ ಕ್ಯಾಲ್ಸಿಯಂ ನಾಳದ ಕಡೆಯ ಕ್ಲೋರೈಡ್ ಬಾಗಿಲು ತೆರೆಯುತ್ತೆ. ಕ್ಲೋರೈಡ್ ಹೊರಟರೆ ಸೋಡಿಯಂ ಹಿಂದೆ ಹೋಗುತ್ತೆ, ಅವೆರಡರ ಹಿಂದೆ ನೀರು. ಬಾಯಿ ತುಂಬೋದು ಹೀಗೆ. ಅಗಿಯೋದು ಮತ್ತು ರುಚಿಯಿಂದಲೂ ಅಸಿಟೈಲ್‌ಕೋಲಿನ್ ಬಿಡುವ ನರದ ಮೂಲಕ ನೀರು ಬರುತ್ತೆ, ಎಲ್ಲವನ್ನೂ ಅರೆಕೊಲಿನ್ ತಲೆಗೆ ಕಟ್ಟಬೇಡಿ.

ಸೈಕ್ಲಿಕ್ ಎಎಂಪಿಗೂ ಅದೇ ಗ್ರಂಥಿಯಲ್ಲಿ ಕೆಲಸವಿದೆ. ಸಿಂಪಥೆಟಿಕ್ ನರ (ತುರ್ತಿನ ಹೊತ್ತಿಗೆ ಮೈಯನ್ನು ಸಜ್ಜು ಮಾಡುವ ನರ) ಬೀಟಾ ಗ್ರಾಹಕವನ್ನು ತಟ್ಟಿದಾಗ ಅಮೈಲೇಸ್‌ನಂಥ ಪ್ರೊಟೀನುಗಳು ಹೊರಬೀಳುತ್ತವೆ, ಜೊಲ್ಲು ಕಡಿಮೆ, ಆದರೆ ಮಂದ. ಒಂದೇ ಕೋಶದಲ್ಲಿ ನೀರಿಗೆ ಕ್ಯಾಲ್ಸಿಯಂ, ಪ್ರೊಟೀನಿಗೆ ಸೈಕ್ಲಿಕ್ ಎಎಂಪಿ!

ಮೇಲಿನವರ ಉತ್ತರಕ್ಕೆ ಒಂದು ಸೇರ್ಪಡೆ: ಯಕೃತ್ತಿನಲ್ಲಿ ಅಡ್ರಿನಲಿನ್ ಆಲ್ಫಾ-1 ಗ್ರಾಹಕದ ಮೂಲಕ ಕ್ಯಾಲ್ಸಿಯಂ ದಾರಿಯನ್ನೂ ಹಿಡಿಯುತ್ತೆ. ಫಾಸ್ಫೊರಿಲೇಸ್ ಕೈನೇಸ್‌ನ ಒಂದು ತುಂಡು ಕ್ಯಾಲ್‌ಮೊಡುಲಿನ್, ಅಂದರೆ ಕ್ಯಾಲ್ಸಿಯಂ ಹಿಡಿಯುವ ಪ್ರೊಟೀನ್. ಎರಡು ದಾರಿಯೂ ಬಂದು ಸೇರೋದು ಆ ಒಂದೇ ಕಿಣ್ವದಲ್ಲಿ.

ಬಯೋಕೆಮ್_ಶಿವಮೊಗ್ಗ:
ಹೌದು, ಆಲ್ಫಾ-1 ಬಿಟ್ಟಿದ್ದು ನನ್ನ ತಪ್ಪು. ಧನ್ಯವಾದ.

ತೀರ್ಥಹಳ್ಳಿ_ಬಿಎಸ್ಸಿ:
ಇಬ್ಬರಿಗೂ ತುಂಬ ಧನ್ಯವಾದ ಸರ್. ಶುರುವಾಗಿದ್ದು ನಿಲ್ಲೋದು ಹೇಗೆ?

ಸಾಗರ_ಕ್ಲಿನಿಕಲ್:
ಪ್ರತಿ ಮೆಟ್ಟಿಲಿಗೂ ಅದರದೇ ಬ್ರೇಕ್ ಇದೆ. ಆಲ್ಫಾ ಭಾಗ ತನ್ನ ಜಿಟಿಪಿಯನ್ನು ತಾನೇ ಕತ್ತರಿಸಿಕೊಳ್ಳುತ್ತೆ, ಫಾಸ್ಫೊಡೈಎಸ್ಟರೇಸ್ ಸೈಕ್ಲಿಕ್ ಎಎಂಪಿಯನ್ನು ಮುರಿಯುತ್ತೆ, ಪಂಪುಗಳು ಕ್ಯಾಲ್ಸಿಯಂ ಅನ್ನು ಜಾಲಿಕೆಗೆ ವಾಪಸ್ ತುಂಬುತ್ತವೆ. ಕಾಲರಾ ವಿಷ ಮೊದಲನೇ ಬ್ರೇಕನ್ನೇ ಕೆಡಿಸುತ್ತೆ. ಕರುಳಿನ ಕೋಶದಲ್ಲಿ ಜಿಎಸ್ ಆಲ್ಫಾ ಜಿಟಿಪಿ ಹಿಡಿದುಕೊಂಡೇ ಇರುತ್ತೆ, ಸೈಕ್ಲಿಕ್ ಎಎಂಪಿ ಇಳಿಯೋದಿಲ್ಲ, ಕ್ಲೋರೈಡಿನ ಹಿಂದೆ ನೀರು ಹರಿಯುತ್ತಲೇ ಇರುತ್ತೆ.

ಕೋಶದ ಹೊರಗೂ ಬ್ರೇಕ್ ಇದೆ, ಅಸಿಟೈಲ್‌ಕೋಲಿನ್ ಮುರಿಯುವ ಕಿಣ್ವ. ಆರ್ಗನೊಫಾಸ್ಫೇಟ್ ಕೀಟನಾಶಕ ಮೈಗೆ ಸೇರಿದರೆ ಆ ಕಿಣ್ವ ನಿಲ್ಲುತ್ತೆ. ಅಡಕೆ ತಟ್ಟುವ ಅದೇ ಮಸ್ಕರಿನಿಕ್ ಗ್ರಾಹಕಗಳು ಬಿಡುವಿಲ್ಲದೆ ತಟ್ಟಿಸಿಕೊಂಡು ಜೊಲ್ಲು, ಬೆವರು, ಶ್ವಾಸನಾಳದಲ್ಲಿ ದ್ರವ ಎಲ್ಲ ಒಟ್ಟಿಗೆ ಬರುತ್ತವೆ. ಆಸ್ಪತ್ರೆಯಲ್ಲಿ ಅಟ್ರೊಪಿನ್ ಕೊಡೋದು ಆ ಗ್ರಾಹಕವನ್ನು ಮುಚ್ಚೋಕೆ, ಎದೆಯ ದ್ರವ ಒಣಗುವವರೆಗೂ ಮತ್ತೆ ಮತ್ತೆ ಕೊಡುತ್ತಾರೆ. ಆದರೆ ಸ್ನಾಯು ಅದುರುವುದು, ಸೋಲುವುದು ಅಟ್ರೊಪಿನ್‌ಗೆ ಬಗ್ಗೋದಿಲ್ಲ. ಅಲ್ಲಿರೋದು ನಿಕೊಟಿನಿಕ್ ಗ್ರಾಹಕ, ಅದು ತಾನೇ ಅಯಾನುಗಳ ಬಾಗಿಲು. ಜಿ-ಪ್ರೊಟೀನೂ ಇಲ್ಲ, ಎರಡನೇ ಸಂದೇಶವಾಹಕವೂ ಇಲ್ಲ.